ಉಪ್ಪಿನಕಾಯಿ ಭರಣಿಯ ಮೇಲಿದ್ದ ಎಲುಬು

ಪ್ರಾಣಿಶಾಸ್ತ್ರ ಕಲಿಸಲು ಹೊಸದಾಗಿ ಕೆಲಸಕ್ಕೆ ಸೇರಿದವರು ನನ್ನ ಹತ್ತಿರ ಬಂದರೆ ಮೊದಲು ಕೇಳುವುದು ಒಂದೇ ಮಾತು. "ಮೇಡಮ್ಮಾರ, ಎಲುಬು ತೊಳಿಯೋ ಮುಂದ ವಾಸನಿ ಬರೂದಿಲ್ಲೇನ್ರಿ?" ಬರ್ತದ. ಭಾಳ ಬರ್ತದ. ಸೀರೆಗೆ ಹತ್ತುತ್ತದೆ, ಕೂದಲಿಗೆ ಹತ್ತುತ್ತದೆ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಮೂಗು ಮುಚ್ಚಿಕೊಂಡು ಹಿಂದಿನ ಸೀಟಿಗೆ ಹೋಗುತ್ತಾರೆ. ಬಾಗಲಕೋಟೆಯಿಂದ ಶಿರೂರಿಗೆ ಹೋಗುವ ಸಂಜೆಯ ಬಸ್ಸಿನಲ್ಲಿ ಎಷ್ಟೋ ಸಲ ಎರಡು ಸೀಟಿನಲ್ಲಿ ಒಬ್ಬಳೇ ಆರಾಮಾಗಿ ಕೂತು ಬಂದಿದ್ದೇನೆ. ವಾಸನೆಗೆ ಹೆದರುವವರು ಈ ಕೆಲಸಕ್ಕೆ ಬರಬಾರದು ಎಂದು ನಾನು ಹೇಳುವುದಿಲ್ಲ. ಬರಲಿ. ವಾಸನೆ ಒಂದು ತಿಂಗಳಲ್ಲಿ ಹೋಗುತ್ತದೆ. ಎಲುಬಿನ ಹುಚ್ಚು ಹಿಡಿದರೆ ಅದು ಹೋಗುವುದಿಲ್ಲ.

ನನ್ನ ಹೆಸರು ಮಾಯವ್ವ. ಶಿರೂರಿನವಳು, ಬೀರಪ್ಪನ ಒಕ್ಕಲು, ಕುರಿ ಸಾಕಿದ ಮನೆಯ ಮಗಳು. ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಕಾಲೇಜಿನ ಕಪಾಟಿನಲ್ಲಿರುವ ಕಡತದಲ್ಲಿದೆ, ಅದನ್ನು ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ. ನಾನು ಹೇಳಬೇಕೆಂದಿರುವುದು ನಮ್ಮ ಎಲುಬಿನ ಕೋಣೆಯ ಕಥೆ.

ನಾನು ಸೇರಿದಾಗ ಅಲ್ಲಿ ಇದ್ದದ್ದು ಒಂದು ಕಪ್ಪೆಯ ಅಸ್ಥಿಪಂಜರ, ಹಲ್ಲು ಉದುರಿದ ಒಂದು ನಾಯಿಯ ತಲೆಬುರುಡೆ, ಅಷ್ಟೆ. ನಮ್ಮ ವಿಭಾಗದ ಮುಖ್ಯಸ್ಥರು ಕುಲಕರ್ಣಿ ಸರ್. ಬಿಳಿ ಅಂಗಿ, ಜೇಬಿನಲ್ಲಿ ನಾಲ್ಕು ಬಣ್ಣದ ಸೀಮೆಸುಣ್ಣ. ಆನೆಯ ಕಾಲಿನಿಂದ ಬಾವಲಿಯ ರೆಕ್ಕೆಯವರೆಗೆ ಯಾವ ಎಲುಬನ್ನಾದರೂ ಪುಸ್ತಕ ನೋಡದೆ ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ಆದರೆ ಎಲುಬು ಮುಟ್ಟುತ್ತಿರಲಿಲ್ಲ. "ಚಿತ್ರದಾಗ ಎಲ್ಲಾ ಅದ. ಮತ್ತ್ಯಾಕ ಕಾಲೇಜನ್ನ ಕಸಾಯಿಖಾನಿ ಮಾಡ್ತೀಯವ್ವಾ?" ಎಂದು ಕೇಳುತ್ತಿದ್ದರು. ನನಗೆ ಚಿತ್ರ ಸಾಲುತ್ತಿರಲಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಿದಾಗಲೇ ಎಲುಬು ಮಾತಾಡುತ್ತದೆ ಎಂಬುದು ನನಗೆ ಮನೆಯಿಂದಲೇ ಬಂದ ಬುದ್ಧಿ.

ನನ್ನ ಕೈಗೆ ಸಿಕ್ಕ ಮೊದಲ ದೊಡ್ಡ ಪ್ರಾಣಿ ಒಂದು ಎತ್ತು. ಮುಪ್ಪಾಗಿ ಸತ್ತ ಎತ್ತನ್ನು ಊರಿನವರೊಬ್ಬರು ಕಾಲೇಜಿಗೆ ಕೊಟ್ಟರು. ಹಿತ್ತಿಲಲ್ಲಿ ಹೂಳಿದೆವು. ಒಂದು ವರ್ಷ ಬಿಟ್ಟು ತೆಗೆದು, ತೊಳೆದು, ಒಣಗಿಸಿದವನು ನಮ್ಮ ಅಟೆಂಡರ್ ರಾಜೇಸಾಬ. ಇಳಕಲ್ಲಿನವನು. ಅವನ ಮನೆತನದವರು ತಗಡಿನ ಕೆಲಸದವರು, ತಂತಿ ಬಾಗಿಸುವುದು, ಬೆಸುಗೆ ಹಾಕುವುದು ಅವನಿಗೆ ನೀರು ಕುಡಿದಷ್ಟು ಸುಲಭ. ನಾವಿಬ್ಬರೂ ಸೇರಿ ಎತ್ತನ್ನು ನಿಲ್ಲಿಸತೊಡಗಿದೆವು. ಬೆನ್ನು ನಿಂತಿತು, ಪಕ್ಕೆ ನಿಂತವು, ಹಿಂಗಾಲು ನಿಂತವು. ಮುಂಗಾಲಿಗೆ ಬಂದಾಗ ಕೆಲಸ ನಿಂತಿತು. ಕೊರಳ ಬುಡದಲ್ಲಿ ಎರಡೂ ಕಡೆ ಅಡ್ಡವಾಗಿ ಕೈಗೆ ಸಿಗುತ್ತದಲ್ಲ, ಕತ್ತುಪಟ್ಟಿಯ ಎಲುಬು, ಅದು ಇರಲಿಲ್ಲ. ಭುಜದ ಹಲಗೆ ಯಾವುದಕ್ಕೂ ಅಂಟದೆ ಕೈಯಲ್ಲೇ ಉಳಿಯಿತು.

"ರಾಜೇಸಾಬ, ಎರಡು ಎಲುಬು ಕಳದಾವ. ತೊಳಿಯೋ ಮುಂದ ಎಲ್ಲಿ ಚೆಲ್ಲಿದಿ?"

"ನಾ ಒಂದೂ ಚೆಲ್ಲಿಲ್ರಿ ಮೇಡಮ್. ಬಾಲದ ಕಡೀ ಮಣಿನೂ ಎಣಿಸಿ ಇಟ್ಟೇನಿ."

"ಮತ್ತ ಎಲ್ಲಿ ಹೋದವು? ರೆಕ್ಕಿ ಬಂದು ಹಾರಿದವೇನು?"

ಅವನು ಸಲಿಕೆ ಎತ್ತಿಕೊಂಡು ಹೋದ. ಎರಡು ದಿನ ಸುಡುಬಿಸಿಲಿನಲ್ಲಿ ಹಿತ್ತಿಲಿನ ಆ ತಗ್ಗಿನ ಮಣ್ಣನ್ನೆಲ್ಲ ಜರಡಿ ಹಿಡಿದ. ಏನೂ ಸಿಗಲಿಲ್ಲ. ಮೂರನೆಯ ದಿನ ರವಿವಾರ. ಊರಿಗೆ ಹೋಗಿದ್ದೆ. ಹಿತ್ತಿಲಲ್ಲಿ ಅಪ್ಪ ಕುರಿ ಕೊಯ್ದು ಪಾಲು ಮಾಡುತ್ತಿದ್ದ. ನಾನು ನೋಡುತ್ತಿದ್ದಂತೆ ಮುಂಗಾಲನ್ನು ಎತ್ತಿ ಹಿಡಿದು, ಚೂರಿಯನ್ನು ಮಾಂಸದಲ್ಲಿ ಹಾಗೇ ಎಳೆದ. ಕಾಲು ಹಲಗೆ ಸಮೇತ ಕಳಚಿ ಬಂತು. ಎಲ್ಲಿಯೂ ಎಲುಬಿಗೆ ಚೂರಿ ತಾಗಿದ ಸಪ್ಪಳವಿಲ್ಲ.

"ಅಪ್ಪಾ, ಅಲ್ಲಿ ಕೀಲಿಲ್ಲೇನು?"

"ಮುಂಗಾಲಿಗೆ ಎಲ್ಲಿ ಕೀಲು? ಬರೀ ಮಾಂಸದಾಗ ಜೋತು ಬಿದ್ದಿರ್ತೈತಿ. ಸಣ್ಣಾಕಿ ಇದ್ದಾಗಿಂದ ನೋಡೀದಿ, ಈಗ ಕೇಳ್ತೀಯಲ್ಲ."

ಖರೆ. ನೋಡಿದ್ದೆ, ನೂರು ಸಲ ನೋಡಿದ್ದೆ. ಕುರಿಗೂ ಇಲ್ಲ, ಎತ್ತಿಗೂ ಇಲ್ಲ, ಕುದುರೆಗೂ ಇಲ್ಲ ಆ ಎಲುಬು. ಓಡುವ ಪ್ರಾಣಿ ಮುಂಗಾಲನ್ನು ಪಕ್ಕಕ್ಕೆ ಚಾಚಿ ಏನನ್ನೂ ಹಿಡಿಯಬೇಕಾಗಿಲ್ಲ. ಹಿಂದೆ ಮುಂದೆ ಬೀಸಿದರೆ ಸಾಕು. ಆದ್ದರಿಂದ ಲಕ್ಷಾಂತರ ವರ್ಷಗಳಲ್ಲಿ ಅವುಗಳಿಗೆ ಕತ್ತುಪಟ್ಟಿಯ ಎಲುಬು ಸವೆದು ಮಾಯವಾಯಿತು. ಭುಜ ಮಾಂಸದ ಜೋಲಿಯಲ್ಲಿ ತೂಗುತ್ತದೆ, ಹೆಜ್ಜೆ ಉದ್ದವಾಗುತ್ತದೆ, ನೆಲದ ಪೆಟ್ಟು ಎದೆಗೂಡಿಗೆ ಬಡಿಯುವುದಿಲ್ಲ. ಇಲ್ಲದ ಎಲುಬಿಗಾಗಿ ನಾನು ಒಬ್ಬ ಪ್ರಾಮಾಣಿಕ ಮನುಷ್ಯನ ಮೇಲೆ ಕಳವಿನಂಥ ಮಾತು ಹೊರಿಸಿದ್ದೆ.

ಸೋಮವಾರ ಎಲ್ಲರೆದುರು ರಾಜೇಸಾಬನಿಗೆ ಕೈ ಮುಗಿದೆ. "ತಪ್ಪಾತು. ಎಲುಬು ಕಳದಿದ್ದಿಲ್ಲ, ನನ್ನ ಬುದ್ಧಿ ಕಳದಿತ್ತು."

ಅವನು ನಾಚಿಕೊಂಡ. "ಇರ್ಲಿ ಬಿಡ್ರಿ ಮೇಡಮ್. ಮಣ್ಣು ಜರಡಿ ಹಿಡಿದಿದ್ದಕ್ಕ ಅಲ್ಲಿ ಮೆಂತ್ಯಾ ಚೊಲೋ ಬೆಳಿತೈತಿ." ಬೆಳೆಯಿತು ಕೂಡ. ಅಂದಿನಿಂದ ಮೂವತ್ತು ವರ್ಷ ನಾವಿಬ್ಬರೂ ಒಟ್ಟಿಗೆ ಕೆಲಸ ಮಾಡಿದೆವು. ಅವನಿಗೆ ತಿಳಿಯದೆ ನಾನು ಒಂದು ಎಲುಬನ್ನೂ ಜೋಡಿಸಲಿಲ್ಲ.

ಆಗಿನ ನಮ್ಮ ಪದ್ಧತಿಯೂ ಒರಟು. ದೊಡ್ಡ ಹಂಡೆಯಲ್ಲಿ ಎಲುಬು ಕುದಿಸುತ್ತಿದ್ದೆವು. ಜೋರಾಗಿ ಕುದಿಸಿದರೆ ಕೊಬ್ಬು ಒಳಗೇ ಇಳಿದು, ಎರಡು ವರ್ಷದಲ್ಲಿ ಎಲುಬು ಹಳದಿಯಾಗಿ ಎಣ್ಣೆ ಬಸಿಯುತ್ತಿತ್ತು. ಒಂದು ಹಂದಿಯನ್ನೂ ಎರಡು ನಾಯಿಗಳನ್ನೂ ಹೀಗೆ ಕೆಡಿಸಿದೆ. ಆಮೇಲೆ ಕಲಿತೆವು, ಬರೀ ನೀರಿನಲ್ಲಿ ತಿಂಗಳುಗಟ್ಟಲೆ ಇಟ್ಟು ಕಾಯುವುದು. ಈಗಿನವರು ಎಲುಬನ್ನು ಯಂತ್ರದ ಮುಂದಿಟ್ಟು ಕಂಪ್ಯೂಟರಿನಲ್ಲಿ ತಿರುಗಿಸಿ ನೋಡುತ್ತಾರೆ, ಅದರ ಪಡಿಯಚ್ಚನ್ನು ಪ್ಲಾಸ್ಟಿಕ್ಕಿನಲ್ಲಿ ತೆಗೆಯುತ್ತಾರೆ. ನೋಡಿ ನನಗೆ ಖುಷಿಯಾಗುತ್ತದೆ. ಆದರೆ ಪರದೆಯ ಮೇಲೆ ನೋಡುವ ಮೊದಲು ಒಮ್ಮೆ ಕೈಯಲ್ಲಿ ಹಿಡಿಯಿರಿ. ಭಾರ ಪರದೆಯ ಮೇಲೆ ಕಾಣುವುದಿಲ್ಲ.

ಎಲುಬು ಓದಲು ಕಲಿತದ್ದು ಪಾಠಕ್ಕಷ್ಟೇ ಅಲ್ಲ ಎಂದು ತಿಳಿದದ್ದು ಇಳಕಲ್ಲಿನಲ್ಲಿ. ರಾಜೇಸಾಬನ ಓಣಿಯಲ್ಲಿ ಒಂದು ಮನೆಯ ತಳಪಾಯ ಅಗೆಯುವಾಗ ಅರಿವೆಯಲ್ಲಿ ಸುತ್ತಿದ ಸಣ್ಣ ಸಣ್ಣ ಎಲುಬು ಸಿಕ್ಕವು. ಆ ಮನೆಯ ಹೆಣ್ಣುಮಗಳಿಗೆ ಹಿಂದೆ ಒಂದು ಕೂಸು ಹುಟ್ಟಿ ತೀರಿಕೊಂಡಿತ್ತು. ಓಣಿಯ ಬಾಯಿಗೆ ಅಷ್ಟು ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ "ಕೂಸಿಗೆ ಏನೋ ಮಾಡ್ಯಾಳ" ಎಂಬಲ್ಲಿಗೆ ಮಾತು ಬೆಳೆದಿತ್ತು. ಪೊಲೀಸರು ಬಂದರು. ವೈದ್ಯರ ವರದಿ ಬರಲು ದಿನ ಹಿಡಿಯುತ್ತದೆ, ಅಷ್ಟರೊಳಗೆ ಆಕೆ ಏನು ಮಾಡಿಕೊಳ್ಳುತ್ತಾಳೋ ಎಂದು ರಾಜೇಸಾಬನಿಗೆ ಹೆದರಿಕೆ. ನನ್ನನ್ನು ಕರೆದುಕೊಂಡು ಹೋದ.

ಆಕೆ ಬಾಗಿಲ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಎಲುಬುಗಳು ಹಾಳೆಯ ಮೇಲಿದ್ದವು. ನಾನು ಮುಟ್ಟಲಿಲ್ಲ, ಬಗ್ಗಿ ನೋಡಿದೆ. ನೋಡಿದ ಕೂಡಲೇ ಪೊಲೀಸ್ ಅಧಿಕಾರಿಯನ್ನು ಹತ್ತಿರ ಕರೆದೆ.

"ಸಾಹೇಬ್ರ, ಈ ಉದ್ದಂದು ನೋಡ್ರಿ. ನಟ್ಟನಡುವ ಒಂದು ಗೆರಿ ಐತಿ. ತುದಿಯೊಳಗ ಎರಡಾಗಿ ಸೀಳೇತಿ. ಕಾಣತೈತಿಲ್ರಿ?"

"ಕಾಣತೈತಿ. ಅಂದ್ರ?"

"ಎರಡು ಎಲುಬು ಕೂಡಿ ಒಂದಾದ ಗುರುತು ಅದು. ಆಡು, ಕುರಿ, ಆಕಳು, ಇವಕ್ಕ ಪಾದದ ಎರಡು ಎಲುಬು ಕೂಡಿ ಒಂದ ಕೋಲಾಗಿರ್ತಾವ, ಓಡೂ ಮುಂದ ಮುರೀಬಾರದಂತ. ಕೆಳಗ ಎರಡು ಗೊರಸು ಬರ್ತಾವಲ್ಲ, ಅದಕ್ಕ ತುದಿ ಸೀಳಿರ್ತೈತಿ. ಮನಷ್ಯಾನ ಮೈಯಾಗ, ಕೂಸಿರ್ಲಿ ಮುದುಕ್ರಿರ್ಲಿ, ಇಂಥಾ ಎಲುಬ ಇಲ್ಲ. ಇದು ಆಡಿನ ಮರಿ."

ಅಧಿಕಾರಿ ನನ್ನ ಮುಖ ನೋಡಿದರು. "ಖರೇ ಹೇಳ್ತೀರೇನ್ರಿ? ನಾಳೆ ವರದಿ ಬ್ಯಾರೆ ಬಂದ್ರ?"

"ನನ್ನ ನೌಕರಿ ಮ್ಯಾಲ ಬರಕೊಡ್ತೇನಿ."

ಬರೆದುಕೊಟ್ಟೆ. ವಾರದ ಮೇಲೆ ಬಂದ ವೈದ್ಯರ ವರದಿಯೂ ಅದನ್ನೇ ಹೇಳಿತು. ಆದರೆ ಆಕೆ ವಾರ ಕಾಯಲಿಲ್ಲ. ನಾನು ಮಾತು ಮುಗಿಸುವಷ್ಟರಲ್ಲಿ ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು, ಅಂಗಳದಲ್ಲಿ ನೆರೆದಿದ್ದ ಓಣಿಯವರತ್ತ ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಒಬ್ಬೊಬ್ಬರೇ ಕಣ್ಣು ತಪ್ಪಿಸಿ ಹೊರಟುಹೋದರು. ಆಮೇಲೆ ಒಳಗೆ ಹೋಗಿ ನಮಗೆ ಚಹಾ ಮಾಡಿ ತಂದಳು. ನನಗೆ ಬಂದ ಯಾವ ಸನ್ಮಾನದ ಶಾಲೂ ಆ ಒಂದು ಕಪ್ ಚಹಾಕ್ಕೆ ಸಮವಲ್ಲ.

ಇನ್ನು ನಮ್ಮ ದೊಡ್ಡ ಕಥೆ. ಅದು ಶುರುವಾದದ್ದು ಬಾದಾಮಿಯ ಒಂದು ಮಂಗನಿಂದ. ವಿದ್ಯುತ್ ತಂತಿ ತಾಗಿ ಸತ್ತ ಮಂಗ. ಜನ ಅದಕ್ಕೆ ಹೂವಿನ ಹಾರ ಹಾಕಿ ಮಣ್ಣು ಮಾಡಿದ್ದರು. ಅರಣ್ಯ ಇಲಾಖೆಯ ಪರವಾನಗಿ ಪಡೆದು, ಆ ಜನರನ್ನೂ ಕೇಳಿ ಒಪ್ಪಿಸಿ, ಒಂದು ವರ್ಷದ ನಂತರ ಎಲುಬು ತರಲು ಹೋದೆವು. ಬಂಡೆ ಏರುವ, ಕೊಂಬೆಗೆ ಜೋತುಬೀಳುವ ಪ್ರಾಣಿ. ತೋಳನ್ನು ಪಕ್ಕಕ್ಕೆ, ಮೇಲಕ್ಕೆ ಚಾಚಬೇಕು, ಚಾಚಿದ ತೋಳಿಗೆ ಆಧಾರ ಬೇಕು. ಮಣ್ಣಿನಿಂದ ಒಂದು ಸಣ್ಣ ಬಾಗಿದ ಎಲುಬನ್ನು ತೆಗೆದ ರಾಜೇಸಾಬ ತನ್ನ ಕೊರಳ ಬುಡಕ್ಕೆ ಒತ್ತಿ ಹಿಡಿದು ಕೂಗಿದ. "ಮೇಡಮ್ಮಾರ, ಸಿಕ್ತ್ರೀ! ನಾ ಕಳದಿದ್ದ ಎಲುಬು ಈ ಹನುಮಪ್ಪನ ಕಡಿ ಇತ್ತು!" ನಾವು ನಗುತ್ತ ನಗುತ್ತ ಕಣ್ಣೀರು ಒರೆಸಿಕೊಂಡೆವು.

ಬಾದಾಮಿಯಿಂದ ಹುನಗುಂದದ ದಾರಿ ಹಿಡಿದು ಬರುವಾಗ ಮಲಪ್ರಭೆಯ ದಂಡೆಯ ಒಂದು ಹಳ್ಳಿಯಲ್ಲಿ ನಮ್ಮ ಜೀಪಿನ ಗಾಲಿ ಪಂಕ್ಚರ್ ಆಯಿತು. ಒಂದು ಮನೆಯ ಕಟ್ಟೆಯ ಮೇಲೆ ಕೂತಿದ್ದ ನಮ್ಮನ್ನು ಆ ಮನೆಯ ಕಲ್ಲವ್ವ ಒಳಗೆ ಕರೆದಳು. ಅರವತ್ತರ ಆಸುಪಾಸಿನ ಹೆಣ್ಣುಮಗಳು, ಗಟ್ಟಿ ದನಿ, ಇನ್ನೂ ಗಟ್ಟಿ ಕೈ. "ಉಣ್ಣದ ಹ್ವಾದ್ರ ನನ್ನ ಮನಿ ಮರ್ಯಾದಿ ಏನಾಗಬೇಕು?" ಎಂದು ಸಜ್ಜಿ ರೊಟ್ಟಿ ಹಾಕಿ, ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲಿದ್ದ ಭಾರದ ಕಲ್ಲನ್ನು ಎತ್ತಿ ನನ್ನ ಪಕ್ಕಕ್ಕೆ ಇಟ್ಟಳು.

ನನ್ನ ಕೈ ತುತ್ತಿನ ಮೇಲೇ ನಿಂತಿತು.

ತೆಂಗಿನಕಾಯಿಯ ಗಾತ್ರದ ಕಲ್ಲು. ಮುಕ್ಕಾಲು ಭಾಗಕ್ಕೆ ಸುಣ್ಣದ ಗಟ್ಟಿ ಸಿಮೆಂಟಿನಂತೆ ಮೆತ್ತಿಕೊಂಡಿತ್ತು. ಆದರೆ ಒಂದು ಕಡೆ ನುಣ್ಣಗೆ ಎರಡು ಏಣು, ನಡುವೆ ಒಂದು ಕಣಿವೆ. ಬಾವಿಯ ರಾಟೆಯಂತೆ.

"ಕಲ್ಲವ್ವ, ಇದು ಎಲ್ಲಿ ಸಿಕ್ತು?"

"ಹೊಳಿ ದಂಡಿ ಕುಸಿದಾಗ. ಭಾಳ ವರ್ಷ ಆತು. ಯಾಕವ್ವಾ?"

"ಇದು ಕಲ್ಲಲ್ಲ. ಎಲುಬು. ಕಲ್ಲಾಗಿರೋ ಎಲುಬು."

ಮಂಗನ ಎಲುಬು ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ ಅಜ್ಜನೊಬ್ಬ ಕೂಡಲೇ ಹೇಳಿದ. "ವಾತಾಪಿದು ಅದು. ನಮ್ಮ ಹಿರ್ಯಾರು ಹೇಳ್ತಿದ್ರು, ರಕ್ಕಸನ ಎಲುಬು ಈ ಹೊಳಿಯಾಗ ಅದಾವಂತ."

"ಅಜ್ಜಾ, ವಾತಾಪಿ ಟಗರಾಗಿ ಋಷಿಗೋಳ ಹೊಟ್ಟಿ ಸೇರ್ತಿದ್ದ. ನಾ ಕುರುಬರಾಕಿ. ಟಗರಿನ ಎಲುಬು ನನಗ ಗೊತ್ತಿಲ್ಲೇನು? ಇದು ಟಗರಿಂದಲ್ಲ."

ಎಲ್ಲರೂ ನಕ್ಕರು. ಕಲ್ಲವ್ವ ನಗಲಿಲ್ಲ. "ಹಂಗಾದ್ರ ಯಾರದು?"

"ಈಗ ಹೇಳಾಕ ಬರೂದಿಲ್ಲ. ತೊಗೊಂಡು ಹೋಗಿ ತೊಳದು ನೋಡಿ ಹೇಳ್ತೇನಿ."

ಆಕೆ ಸ್ವಲ್ಪ ಹೊತ್ತು ನನ್ನನ್ನು ಅಳೆದಳು. "ಒಯ್ಯಿ. ಆದ್ರ ನೀನಾಗಿ ಬಂದು ಹೇಳಬೇಕು. ಸುಳ್ಳ ಹೇಳಿದ್ರ ಇದನ್ನ ತಂದು ನನ್ನ ಭರಣಿ ಮ್ಯಾಲ ಇಟ್ಟ ಹೋಗಬೇಕು." ಒಪ್ಪಿದೆ.

ಅದು ಯಾವ ಎಲುಬು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಹಿಂಗಾಲಿನ ಗೆಣ್ಣೆಲುಬು, ಪಾದ ಮಡಚುವ ಕೀಲಿನದು. ನಮ್ಮ ಮನೆಯಲ್ಲಿ ಕುರಿಯ ಗೆಣ್ಣೆಲುಬುಗಳನ್ನು ತೊಳೆದಿಟ್ಟುಕೊಂಡು ಆಣೆಕಲ್ಲಿನ ಹಾಗೆ ಎಸೆದು ಹಿಡಿದು ಆಡುತ್ತಿದ್ದೆವು. ಕುರಿಯ ಗೆಣ್ಣಿಗೆ ಮೇಲೊಂದು ರಾಟೆ, ಕೆಳಗೊಂದು ರಾಟೆ, ಎರಡು. ಎರಡು ಗೊರಸಿನ ಸಂತಾನಕ್ಕೆಲ್ಲ ಹೀಗೇ: ಆಡು, ಎಮ್ಮೆ, ಜಿಂಕೆ, ಒಂಟೆ. ಎರಡು ಕಡೆ ಮಡಚುವುದರಿಂದ ಹಿಂಗಾಲು ಸ್ಪ್ರಿಂಗಿನಂತೆ ಪುಟಿಯುತ್ತದೆ. ಇದಕ್ಕಿಂತ ಸೋಜಿಗ ಇನ್ನೊಂದಿದೆ. ಕೋಟ್ಯಂತರ ವರ್ಷಗಳ ಹಿಂದೆ ತಿಮಿಂಗಿಲದ ಪೂರ್ವಜರಿಗೆ ಕಾಲಿದ್ದವು, ಅವು ನೆಲದ ಮೇಲೆ ನಡೆಯುತ್ತಿದ್ದವು. ಅವುಗಳ ಕಲ್ಲಾದ ಗೆಣ್ಣೆಲುಬಿನಲ್ಲಿಯೂ ಇದೇ ಎರಡು ರಾಟೆ ಸಿಕ್ಕಿದೆ. ಸಮುದ್ರದ ತಿಮಿಂಗಿಲ ನಮ್ಮ ಹಟ್ಟಿಯ ಕುರಿಗೆ ದೂರದ ಬಳಗ! ಇದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನವರೂ ಮೊಬೈಲು ಕೆಳಗಿಡುತ್ತಿದ್ದರು.

ಆದರೆ ಕಲ್ಲವ್ವನ ಎಲುಬಿನಲ್ಲಿ ಮೇಲಿನ ರಾಟೆ ಮಾತ್ರ ಕಾಣುತ್ತಿತ್ತು. ಕೆಳಗಿನದು ಸುಣ್ಣದೊಳಗೆ ಹುದುಗಿತ್ತು. ಅಲ್ಲಿ ಎರಡನೆಯ ರಾಟೆ ಇದ್ದರೆ ಎಮ್ಮೆಯೋ ಕಾಡುಕೋಣವೋ. ಇಲ್ಲದಿದ್ದರೆ? ಅಳತೆ ನೋಡಿದರೆ ನನ್ನ ಮನಸ್ಸು ಬೇರೆಯೇ ಹೇಳುತ್ತಿತ್ತು. ಎಮ್ಮೆಯ ಗೆಣ್ಣು ಉದ್ದ, ಇದು ಅಗಲ.

ದೂರದ ಊರಿನ ಪರಿಣತರೊಬ್ಬರಿಗೆ ಫೋಟೋ ಕಳಿಸಿದೆ. ಎರಡೇ ಸಾಲಿನ ಉತ್ತರ ಬಂತು. ಎಮ್ಮೆ ಅಥವಾ ಎತ್ತಿನ ಎಲುಬು ಇರಬೇಕು, ಅಂಥ ಹಳೆಯದೇನಲ್ಲ, ಸುಣ್ಣ ಮೆತ್ತಿದೆ ಅಷ್ಟೆ. ಅಷ್ಟರಲ್ಲಿ ಕುಲಕರ್ಣಿ ಸರ್ ನಮ್ಮ ಪ್ರಿನ್ಸಿಪಾಲರಾಗಿದ್ದರು. ಆ ಉತ್ತರವನ್ನು ಅಧ್ಯಾಪಕರ ಸಭೆಯಲ್ಲಿ ಎಲ್ಲರೆದುರು ಓದಿದರು. "ಎಮ್ಮಿ ಎಲುಬು ತರಾಕ ನಮ್ಮ ಜೀಪು ಮಲಪ್ರಭಾ ತನಕಾ ಹೋಗಿತ್ತು," ಎಂದರು. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಹೇಳಿದರು: "ಬ್ಯಾಸಗಿ ಸೂಟಿ ಮುಗಿಯೂದ್ರಾಗ ಆ ಕೋಣಿ ಖಾಲಿ ಆಗಬೇಕು. ಕಂಪ್ಯೂಟರ್ ಬರ್ತಾವ. ಎಲುಬು ಎಲ್ಲಿಂದ ಬಂದಾವೋ ಅಲ್ಲೇ ಹೂಳ್ರಿ."

ಕೋಣೆಗೆ ಬಂದು ಕೂತೆ. ಎತ್ತು, ಮಂಗ, ಟಾಂಗಾದ ಕುದುರೆ, ನವಿಲು, ಎಲ್ಲವೂ ನಿಂತೇ ಇದ್ದವು. ರಾಜೇಸಾಬ ಬಾಗಿಲು ಮುಚ್ಚಿ ಬಂದು ಕೇಳಿದ. "ಸೂಟಿ ಎಷ್ಟು ದಿನ ಐತ್ರಿ?"

"ಆರು ವಾರ."

"ಹಂಗಾದ್ರ ಆ ಸುಣ್ಣಾ ಬಿಡಸೂಣು. ಅದರಾಗ ಏನೈತೋ ನೋಡೇಬಿಡೂಣು."

ಸಿಪ್ಪೆಯ ಹಾಗೆ ಸುಲಿದರೆ ಬಿಟ್ಟು ಬರುವ ವಸ್ತುವಲ್ಲ ಆ ಸುಣ್ಣ. ಉಳಿ ಹಚ್ಚಿದರೆ ಎಲುಬು ಒಡೆಯುತ್ತದೆ. ವಿನೆಗರ್‌ನಲ್ಲಿರುವ ಆಮ್ಲ ಸುಣ್ಣವನ್ನು ಕರಗಿಸುತ್ತದೆ. ಕಲ್ಲಾದ ಎಲುಬು ಅದಕ್ಕೆ ಅಷ್ಟು ಬೇಗ ಬಗ್ಗುವುದಿಲ್ಲ. ಆದರೆ ಅಷ್ಟು ಬೇಗ ಎಂದರೆ ಎಷ್ಟು ಎಂಬುದು ನನಗೆ ಗೊತ್ತಿರಲಿಲ್ಲ. ಅವಸರದಲ್ಲಿ ಆಮ್ಲವನ್ನು ಗಟ್ಟಿಯಾಗಿಯೇ ಸುರಿದೆ. ಮರುದಿನ ನೋಡಿದರೆ ಸುಣ್ಣದ ಜೊತೆ ಎಲುಬಿನ ಒಂದು ಅಂಚೂ ಪುಡಿಯಾಗಿ ತಟ್ಟೆಯಲ್ಲಿ ಬಿದ್ದಿತ್ತು. ಲಕ್ಷಾಂತರ ವರ್ಷ ಹೊಳೆಯ ಹೊಟ್ಟೆಯಲ್ಲಿ ಉಳಿದದ್ದನ್ನು ನಾನು ಒಂದು ದಿನದಲ್ಲಿ ತಿಂದುಹಾಕಿದ್ದೆ. ಮೂಲೆಯಲ್ಲಿ ನಿಂತು ಅತ್ತೆ. ನನ್ನ ವೃತ್ತಿಯಲ್ಲಿ ನಾನು ಅತ್ತದ್ದು ಅದೊಂದೇ ಸಲ.

ರಾಜೇಸಾಬ ಎಲುಬನ್ನು ತೊಳೆದು, ಮೆತ್ತನೆಯ ಅರಿವೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದ. "ಅಂಚು ಅಷ್ಟ ಹೋಗೇತ್ರಿ. ಕೀಲು ಹಂಗ ಐತಿ. ಇದಕ್ಕ ಅವಸರ ಇಲ್ಲ ಮೇಡಮ್. ನಮಗ್ಯಾಕ?"

ಅಂದಿನಿಂದ ಅವನೇ ಗುರು, ನಾನು ಶಿಷ್ಯೆ. ಹತ್ತು ಪಾಲು ನೀರಿಗೆ ತುಸುವೇ ತುಸು ಆಮ್ಲ. ಬೆಳಿಗ್ಗೆ ಮುಳುಗಿಸುವುದು, ಮಧ್ಯಾಹ್ನ ತೆಗೆಯುವುದು. ಸಂಜೆಯವರೆಗೆ ಬರೀ ನೀರಿನಲ್ಲಿಟ್ಟು ಆಮ್ಲ ಕಳೆಯುವುದು, ಮರುದಿನ ಒಣಗಿಸುವುದು. ಬಯಲಿಗೆ ಬಂದ ಎಲುಬಿಗೆ ತೆಳ್ಳಗೆ ಅಂಟು ಸವರಿ ಕಾಯುವುದು, ಮತ್ತೆ ಮುಳುಗಿಸುವುದು. ಸಡಿಲಾದ ಸುಣ್ಣವನ್ನು ದಬ್ಬಣದ ಮೊನೆಯಿಂದ ಒಂದೊಂದೇ ಕಾಳು ಕೀಳುವುದು. ಒಂದು ದಿನಕ್ಕೆ ಒಂದು ಉಗುರಿನಗಲ ಬಿಡಿಸಿದರೆ ಹಬ್ಬ. ನಾಲ್ಕು ವಾರ ಕಳೆಯಿತು. ಐದನೆಯದೂ ಕಳೆಯಿತು.

ಆರನೆಯ ವಾರದ ಬುಧವಾರ, ಬೆಳಿಗ್ಗೆ ಹನ್ನೊಂದರ ಹೊತ್ತು. ಕಿಟಕಿಯ ಬಿಸಿಲಿನಲ್ಲಿ ರಾಜೇಸಾಬ ದಬ್ಬಣ ಹಿಡಿದು ಕೂತಿದ್ದ. ಅಂಗೈಯಗಲದ ಒಂದು ಸುಣ್ಣದ ಚಕ್ಕೆ ತಾನಾಗಿಯೇ ಟಪ್ ಎಂದು ಬಿತ್ತು. ಅವನು ನೋಡಿದ. ನಾನು ನೋಡಿದೆ. ನಾನು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರಿದೆ. ಏಣಿಲ್ಲ. ಕಣಿವೆಯಿಲ್ಲ. ರೊಟ್ಟಿ ಬಡಿಯುವ ಮರದ ಕೊಣಮಿಗೆಯ ತಳದಂತೆ ಸಪಾಟು.

"ಎರಡನೇ ರಾಟಿ ಇಲ್ಲ," ಎಂದೆ.

"ಎಮ್ಮಿ ಅಲ್ಲ!" ಎಂದು ರಾಜೇಸಾಬ ಕೂಗಿದ್ದು ಕಾಲೇಜಿನ ಗೇಟಿನವರೆಗೆ ಕೇಳಿತಂತೆ.

ಒಂದೇ ರಾಟೆ ಇರುವವು ಬೆಸ ಬೆರಳಿನ ಸಂತಾನ: ಕುದುರೆ ಮತ್ತು ಅದರ ಬಳಗ. ಓಡಿಹೋಗಿ ನಮ್ಮ ಟಾಂಗಾ ಕುದುರೆಯ ಕಾಲಿನ ಪಕ್ಕ ಹಿಡಿದೆವು. ಕುದುರೆಯ ಏಣುಗಳು ಎತ್ತರ, ಓರೆ. ಇದರವು ಗಿಡ್ಡ, ಅಗಲ, ಹೆಚ್ಚುಕಡಿಮೆ ನೆಟ್ಟಗೆ. ಕುದುರೆಯದು ಓಟಕ್ಕೆ ಕಡೆದ ಗೆಣ್ಣು. ಇದು ಗುಡ್ಡದಂಥ ಮೈಯನ್ನು ಹೊರಲು ಕಡೆದದ್ದು. ಕಪಾಟಿನಿಂದ ಹಳೆಯ ಅಂಗರಚನೆಯ ಪುಸ್ತಕ ತೆಗೆದು ಚಿತ್ರದ ಮೇಲಿಟ್ಟೆ. ಅಚ್ಚಿಗೆ ಅಚ್ಚು. ಘೇಂಡಾಮೃಗ. ಈಗ ಅಸ್ಸಾಮಿನ ಕಡೆಯ ಹುಲ್ಲುಗಾವಲಿಗೆ ಹೋಗಿ ನೋಡಬೇಕಾದ ಪ್ರಾಣಿಯ ಬಳಗದ್ದು ಒಂದು ಕಾಲಕ್ಕೆ ಮಲಪ್ರಭೆಯ ಕೆಸರಿನಲ್ಲಿ ಹೊರಳಾಡಿತ್ತು!

ಕುಲಕರ್ಣಿ ಸರ್ ಅವರನ್ನು ಕರೆದೆವು. ಅವರು ಬಂದು, ಮೊದಲ ಸಲ, ಆ ಎಲುಬನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ತಿರುಗಿಸಿದರು. ಮತ್ತೆ ತಿರುಗಿಸಿದರು.

"ಎರಡನೇ ರಾಟಿ ಎಲ್ಲಿ?"

"ಇಲ್ರಿ ಸರ್."

ಅವರು ಕೆಳಗಿನ ಬದಿಯನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ ಎಲುಬನ್ನು ಕೂಸನ್ನು ಮಲಗಿಸುವಂತೆ ಅರಿವೆಯ ಮೇಲಿಟ್ಟು, ಜೇಬಿನಿಂದ ಸೀಮೆಸುಣ್ಣ ತೆಗೆದು, ಹೊರಗೆ ಹೋಗಿ ಬಾಗಿಲಿನ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದರು: "ಈ ಕೋಣೆ ಖಾಲಿ ಇಲ್ಲ." ನನ್ನತ್ತ ತಿರುಗಿ, "ನಲವತ್ತು ವರ್ಷ ಇದರ ಚಿತ್ರ ಬರದೇನಿ ಮಾಯವ್ವ. ಇಷ್ಟ ಭಾರ ಇರ್ತದಂತ ಗೊತ್ತಿದ್ದಿಲ್ಲ," ಎಂದರು. ಕಂಪ್ಯೂಟರುಗಳಿಗೆ ತಮ್ಮ ಕೋಣೆಯ ಪಕ್ಕದ ಸಭಾಕೋಣೆಯನ್ನೇ ಬಿಟ್ಟುಕೊಟ್ಟರು.

ಆ ಪರಿಣತರೂ ಬಂದರು. ದೊಡ್ಡ ಮನುಷ್ಯ, ದೊಡ್ಡ ಮನಸ್ಸು. ಎಲುಬು ನೋಡಿದ ಮೇಲೆ ಮುಚ್ಚುಮರೆ ಮಾಡದೆ, "ನನಗೆ ಕಂಡದ್ದು ಅರ್ಧ, ಹೇಳಿದ್ದು ಪೂರ್ತಿ. ತಪ್ಪು ನನ್ನದು," ಎಂದರು. ಈಗ ಅಳಿದುಹೋದ ಜಾತಿಯದೇ ಇರಬಹುದು, ಇನ್ನಷ್ಟು ಎಲುಬು ಸಿಗುವವರೆಗೆ ಖಚಿತ ಹೇಳಲಾಗದು ಎಂದರು. ಆಮೇಲೆ ಎರಡು ದಿನ ಉಳಿದು, ರಾಜೇಸಾಬನ ಪಕ್ಕ ಸ್ಟೂಲು ಹಾಕಿಕೊಂಡು, ಸುಣ್ಣ ಬಿಡಿಸುವ ಅವನ ರೀತಿಯನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಂಡರು. ರಾಜೇಸಾಬ ಅವರ ಕೈಗೆ ದಬ್ಬಣ ಕೊಟ್ಟು, "ಹಂಗಲ್ರಿ ಸರ್, ಹಗೂರಕ," ಎಂದು ತಿದ್ದುತ್ತಿದ್ದ.

ಕಲ್ಲವ್ವನಿಗೆ ಕೊಟ್ಟ ಮಾತು ಬಾಕಿಯಿತ್ತು. ಕುರಿಯ ಗೆಣ್ಣು, ಎಮ್ಮೆಯ ಗೆಣ್ಣು, ಈ ಎಲುಬಿನ ಒಂದು ಪಡಿಯಚ್ಚು, ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಆಕೆಯ ಮನೆಗೆ ಹೋದೆ. ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಕೊನೆಗೆ ಕೈ ತೊಳೆದುಕೊಂಡು ಬಂದು ಮೂರನ್ನೂ ಒಂದೊಂದಾಗಿ ಹಿಡಿದು, ಹೆಬ್ಬೆರಳಿನಿಂದ ಸವರಿ ನೋಡಿದಳು. "ಆತು. ಅಲ್ಲೇ ಇರ್ಲಿ," ಎಂದಳು. ಅಷ್ಟೆ.

ಎಲುಬಿಗೆ ಗಾಜಿನ ಪೆಟ್ಟಿಗೆ ಮಾಡಿಸಿ ಕೋಣೆಯನ್ನು ಜನರಿಗೆ ತೆರೆದ ದಿನ, ಕಲ್ಲವ್ವ ಒಂದು ಟೆಂಪೋ ತುಂಬ ತನ್ನ ಊರಿನವರನ್ನು ಕರೆದುಕೊಂಡು ಬಂದಿದ್ದಳು. ಪೆಟ್ಟಿಗೆಯ ಚೀಟಿಯಲ್ಲಿ ಎರಡು ಹೆಸರು ಬರೆಸಿದ್ದೆ. ದೊರಕಿಸಿಕೊಟ್ಟವರು ಕಲ್ಲವ್ವ, ಬಿಡಿಸಿದವರು ರಾಜೇಸಾಬ. ನನ್ನ ಹೆಸರು ಬೇಡವೆಂದೆ. ಇಳಕಲ್ಲಿನಿಂದ ಬಂದಿದ್ದ ರಾಜೇಸಾಬನ ತಾಯಿ ಆ ಚೀಟಿಯನ್ನು ಗಾಜಿನ ಮೇಲಿಂದಲೇ ಬೆರಳಿನಿಂದ ಸವರಿದಳು.

ಮುಖ್ಯ ಅತಿಥಿಯಾಗಿ ಬಂದಿದ್ದವರು ದಕ್ಷಿಣದ ಕಡೆಯ ಒಬ್ಬ ದೊಡ್ಡ ಅಧಿಕಾರಿ. ಪೆಟ್ಟಿಗೆಯ ಮುಂದೆ ಬಗ್ಗಿ ನೋಡಿ, ನಗುತ್ತ ಕೇಳಿದರು. "ನನ್ನಂಥವನಿಗೆ ಇದು ಎಮ್ಮೆ ಮೂಳೆ ಥರಾನೇ ಕಾಣುತ್ತಲ್ಲ ಮೇಡಮ್. ಅಲ್ಲ ಅಂತ ಹೇಗೆ ಹೇಳ್ತೀರಿ?"

ಭಾಷಣದ ಹಾಳೆ ನನ್ನ ಕೈಯಲ್ಲಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಆ ಗಟ್ಟಿ ದನಿ ಬಂತು.

"ನಾ ಹೇಳ್ತೇನಿ ಇಲ್ಲಿ ಬರ್ರಿ ಯಪ್ಪಾ."

ಕಲ್ಲವ್ವ ಜನರನ್ನು ಸರಿಸಿ ಮುಂದೆ ಬಂದಳು. ಮೇಜಿನ ಮೇಲೆ ಮುಟ್ಟಿ ನೋಡಲೆಂದು ಇಟ್ಟಿದ್ದ ಎಮ್ಮೆಯ ಗೆಣ್ಣನ್ನು ಒಂದು ಕೈಯಲ್ಲಿ, ಪಡಿಯಚ್ಚನ್ನು ಇನ್ನೊಂದು ಕೈಯಲ್ಲಿ ಹಿಡಿದಳು. "ಇದು ಎಮ್ಮಿದು. ಮ್ಯಾಲ ಒಂದು ರಾಟಿ, ಕೆಳಗ ಒಂದು ರಾಟಿ. ಬೆರಳ ಆಡಿಸ್ರಿ, ಗೊತ್ತಾಗ್ತೈತಿ. ಈಗ ಇದನ್ನ ಹಿಡೀರಿ. ಮ್ಯಾಲ ಐತಿ, ಕೆಳಗ ಐತೇನು? ಇಲ್ಲ. ಸಪಾಟು. ಎರಡು ಗೊರಸಿಂದಾಗಿದ್ರ ಇರತಿತ್ತು. ಕುದರಿದಂದ್ರ ಇಷ್ಟ ಅಗಲ ಇರೂದಿಲ್ಲ. ಇದು ಅಗಲ ಯಾಕಂದ್ರ ಮ್ಯಾಲ ಗುಡ್ಡದಂಥಾ ಮೈ ಹೊತ್ತಿತ್ತು. ಘೇಂಡಾ. ನಮ್ಮ ಹೊಳಿ ಘೇಂಡಾ."

ಅಧಿಕಾರಿ ಎರಡನ್ನೂ ಕೈಯಲ್ಲಿ ಹಿಡಿದು, ಹೆಬ್ಬೆರಳು ಆಡಿಸಿ, ಮತ್ತೊಮ್ಮೆ ಆಡಿಸಿ, ತಲೆಯೆತ್ತಿದರು. ನಾನು ಭಾಷಣದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿ ಹಾಕಿಕೊಂಡೆ. ಇನ್ನು ನಾನು ಹೇಳುವುದು ಏನೂ ಉಳಿದಿರಲಿಲ್ಲ.

"ಅಮ್ಮಾ," ಎಂದು ಅವರು ಮೆಲ್ಲಗೆ ಕೇಳಿದರು, "ನೀವು ಎಲ್ಲೀವರೆಗೆ ಓದಿದ್ದೀರಿ?"

ಕಲ್ಲವ್ವ ಗಾಜಿನ ಪೆಟ್ಟಿಗೆಯತ್ತ ಕೈ ಮಾಡಿದಳು.

"ಇದೊಂದನ್ನ ಓದೇನ್ರಿ."